ಇಳಿಯುವಾಗ ನೋಯುವ ಮಂಡಿ

ಮಡಿಕೇರಿ ಸುತ್ತಮುತ್ತ ಓಡಲು ಸಮತಟ್ಟು ಜಾಗ ಹುಡುಕಬೇಕು. ನಮ್ಮ ತೋಟ ಅಬ್ಬಿ ಜಲಪಾತದ ರಸ್ತೆ ಕಡೆ. ಗೇಟು ದಾಟಿದರೆ ಒಂದೋ ಏರು, ಇಲ್ಲಾ ಇಳಿಜಾರು. ಕಾಫಿ ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಓಡಲು ಶುರು ಮಾಡಿದೆ. ಆಗ ನನಗೆ 43. ಮೊದಲ ವಾರ 2 ಕಿಲೋಮೀಟರ್, ಏಪ್ರಿಲ್ ಮುಗಿಯುವಷ್ಟರಲ್ಲಿ 8. ಏದುಸಿರು ಕಡಿಮೆಯಾಗಿತ್ತಲ್ಲ, ಕಾಲೂ ತಯಾರಾಗಿದೆ ಅಂದುಕೊಂಡೆ.

ಮೇ ತಿಂಗಳಲ್ಲಿ ಬಲ ಮಂಡಿ ಹಿಡಿಯಿತು. ಚಿಪ್ಪಿನ ಹಿಂದೆ ಎಲ್ಲೋ ನೋವು, ಇಂಥ ಕಡೆ ಅಂತ ಬೆರಳಿಟ್ಟು ತೋರಿಸಲು ಆಗದು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಬಸ್ಸಲ್ಲಿ ಮೈಸೂರು ತಲುಪಿ ಎದ್ದರೆ ಕಾಲು ನೀಡಲೇ ಕಷ್ಟ. ಅವ್ವ ಎಣ್ಣೆ ಕಾಯಿಸಿ ಹಚ್ಚಿದರು. ಪಕ್ಕದ ತೋಟದ ಅಣ್ಣ, "ಈ ವಯಸ್ಸಲ್ಲಿ ಓಡಿದ್ರೆ ಮಂಡಿ ಸವೆದು ಹೋಗುತ್ತೆ ಮಾರಾಯ, ಬಿಟ್ಟುಬಿಡು" ಅಂದರು.

ಬಿಟ್ಟೆ. ಮಳೆಯೂ ಹಿಡಿದಿತ್ತು. ಮೂರು ವಾರ ನೋವಿನ ಸುದ್ದಿಯೇ ಇಲ್ಲ. ಒಂದು ದಿನ ಹೊಳವಾಯಿತೆಂದು ಓಡಿದರೆ, 1 ಕಿಲೋಮೀಟರ್ ಆಗುವಷ್ಟರಲ್ಲಿ ಅದೇ ನೋವು.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಒಂಟಿ ಕಾಲಲ್ಲಿ ನಿಧಾನವಾಗಿ ಮೆಟ್ಟಿಲು ಇಳಿಸಿ ನೋಡಿದರು. ನನ್ನ ಮಂಡಿ ಒಳಗಡೆಗೆ ವಾಲುತ್ತಿತ್ತು. ತೊಡೆ, ಸೊಂಟದ ಪಕ್ಕದ ಸ್ನಾಯು ಎರಡರಲ್ಲೂ ಬಲ ಸಾಲದು ಅಂದರು. ಇಳಿಜಾರಲ್ಲಿ ಪ್ರತಿ ಹೆಜ್ಜೆಗೂ ತೊಡೆಯೇ ಬ್ರೇಕ್ ಹಾಕಬೇಕು; ಆಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. "ಓಟ ಬಿಡ್ಬೇಡಿ, ಸದ್ಯಕ್ಕೆ ಇಳಿಜಾರು ಬಿಡಿ" ಎಂದರು. ಒಂದು ಮಾತು: ನನಗೆ ಊತ ಇರಲಿಲ್ಲ, ಮಂಡಿ ಸಿಕ್ಕಿಕೊಳ್ಳುತ್ತಲೂ ಇರಲಿಲ್ಲ, ನಿಂತಲ್ಲೇ ಕುಸಿಯುತ್ತಲೂ ಇರಲಿಲ್ಲ. ಇವುಗಳಲ್ಲಿ ಒಂದಿದ್ದರೂ ಮೊದಲು ಡಾಕ್ಟರಿಗೆ ತೋರಿಸಬೇಕು.

ಮಳೆಗಾಲ ಪೂರ್ತಿ ಜಗಲಿಯಲ್ಲೇ ಕಸರತ್ತು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಿಸಿದಂತೆ 30 ಸೆಕೆಂಡು ನಿಲ್ಲುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಜಗಲಿ ಮೆಟ್ಟಿಲನ್ನು ಒಂಟಿ ಕಾಲಲ್ಲಿ ಇಳಿಯುವುದು. ವಾರಕ್ಕೆ ಮೂರು ದಿನ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಆರನೇ ವಾರದ ಹೊತ್ತಿಗೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುವುದು ತಾನಾಗೇ ಮರೆತುಹೋಗಿತ್ತು.

ಅಕ್ಟೋಬರಿನಲ್ಲಿ ಕಣ ನೆನಪಾಯಿತು. ಕಾಫಿ ಒಣಗಿಸುವ ಸಿಮೆಂಟ್ ಕಣ, ನಮ್ಮ ತೋಟದಲ್ಲಿ ಸಮತಟ್ಟಾಗಿರುವುದು ಅದೊಂದೇ! ಪಾಚಿ ಕೆರೆದು ಅಲ್ಲೇ ಸುತ್ತು ಹಾಕಿದೆ. 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಒಂದೇ ಕಡೆ ತಿರುಗಿದರೆ ಒಂದೇ ಕಾಲಿಗೆ ಭಾರ, ಅದಕ್ಕೆ ಮಧ್ಯೆ ದಿಕ್ಕು ಬದಲು. ನಾಯಿ ಮೊದಲೆರಡು ದಿನ ಜೊತೆಗೆ ಓಡಿತು, ಆಮೇಲೆ ಸುಮ್ನೆ ಮಲಗಿ ನೋಡುತ್ತಿತ್ತು. ಹೆಜ್ಜೆ ಚಿಕ್ಕದು ಮಾಡಿದೆ. ನಿಮಿಷಕ್ಕೆ 158 ಇದ್ದದ್ದು 168ರ ಹತ್ತಿರ ಬಂತು, ಮಂಡಿಗೆ ಹೊಡೆತ ಕಡಿಮೆಯಾಯಿತು. ನೋವಿಗೆ ಹತ್ತಕ್ಕೆ ಅಂಕ ಕೊಡುತ್ತಿದ್ದೆ. 3ರವರೆಗೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಚ್ಚಾಗಿದ್ದರೆ ಮುಂದಿನ ಸಲ ಎರಡು ಸುತ್ತು ಕಮ್ಮಿ.

ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹಣ್ಣು. ಮತ್ತೆ ರಸ್ತೆಗೆ ಬಂದೆ, ಆದರೆ ಉಲ್ಟಾ. ಜೀಪಲ್ಲಿ ಕೆಳಗೆ ಇಳಿದು, ಮನೆ ಕಡೆ ಏರು ಓಡುವುದು. ಮಂಡಿ ತೆಪ್ಪಗಿತ್ತು, ಮೀನಖಂಡ ಮಾತ್ರ ಒಂದು ವಾರ ಹಿಡಿದುಕೊಂಡಿತು. ಜೀಪು ಸಿಗದ ದಿನ ಇಳಿಜಾರಲ್ಲಿ ನಡೆದೇ ಹೋಗುತ್ತೇನೆ. ಪಕ್ಕದ ತೋಟದ ಅಣ್ಣನಿಗೆ ಇದು ದೊಡ್ಡ ತಮಾಷೆ: "ಎಲ್ರೂ ಏರಲ್ಲಿ ನಡೆದು ಇಳಿಜಾರಲ್ಲಿ ಓಡಿದ್ರೆ, ನಿಂದೇ ಬೇರೆ!"

ಮೊನ್ನೆ ಇಳಿಜಾರಲ್ಲಿ 500 ಮೀಟರ್ ಓಡಿ ನೋಡಿದೆ. ಮರುದಿನ ಮೆಟ್ಟಿಲ ಮೇಲೆ ನೋವು 2. ಈ ವಾರವೂ 500 ಮೀಟರೇ ಇರಲಿ ಅಂದುಕೊಂಡಿದ್ದೇನೆ.