ನೀರಿಲ್ಲದ ಲ್ಯಾಂಡಿಂಗ್ ಪ್ಯಾಡ್: ನನ್ನ ಅನುಭವ

ನಮ್ಮ ಹಾಪರ್, ಅಂದರೆ ಸ್ವಲ್ಪ ಮೇಲೆ ಹಾರಿ ಕಾಲೂರಿ ಇಳಿಯುವ ಪ್ರಯೋಗದ ರಾಕೆಟ್, ಒಂದೇ ಪ್ಯಾಡ್ ಮೇಲೆ ಇಪ್ಪತ್ತರ ಹತ್ತಿರ ಸಲ ಇಳಿದಿದೆ. ಒಂದು ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ, ಅಷ್ಟೇ. ಉರಿಯಿಂದ ಪ್ಯಾಡ್ ಕಾಪಾಡಲು ಕೆಳಗೆ ಪಂಪಿಲ್ಲ, ಪೈಪಿಲ್ಲ, ನೀರಿನ ಟ್ಯಾಂಕೂ ಇಲ್ಲ. "ನೀರು ಹಾಯಿಸದಿದ್ದರೆ ಮೂರನೇ ಸಲಕ್ಕೇ ಪುಡಿಪುಡಿ" ಎಂದಿದ್ದವರು ಈಗ ಮಿಶ್ರಣದ ಲೆಕ್ಕ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಟ್ಟಿಗೆ ಬರೆದುಬಿಡೋಣ ಅಂತ ಕೂತೆ.

ಎಂಜಿನ್, ಅದನ್ನು ಓರೆ ಮಾಡುವ ಗಿಂಬಲ್, ಕಂಟ್ರೋಲ್ ಕೋಡ್ ಬಗ್ಗೆ ಇಲ್ಲಿ ಏನೂ ಇಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ. ದ್ರವ ಆಮ್ಲಜನಕ ಮತ್ತು ಎಥನಾಲ್ ಎಂಜಿನ್, ಖಾಲಿ ತೂಕ ಇನ್ನೂರು ಕಿಲೋ ಆಸುಪಾಸು, ನಾಲ್ಕು ಕಾಲು. ಇಷ್ಟು ಸಾಕು.

ನೀರು ಬೇಕೇ ಬೇಕು ಅನ್ನುವವರು ಯಾವಾಗಲೂ ತೋರಿಸುತ್ತಿದ್ದದ್ದು 2023ರ ಏಪ್ರಿಲ್‌ನ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ ಹಾರಾಟವನ್ನು. ಆವತ್ತು ಉಡಾವಣಾ ವೇದಿಕೆಯ ಕೆಳಗಿನ ಕಾಂಕ್ರೀಟ್ ಕಿತ್ತು ಹಾರಿತ್ತು. ಆಮೇಲೆ ಅಲ್ಲಿ ನೀರು ಚಿಮ್ಮುವ ಉಕ್ಕಿನ ತಟ್ಟೆ ಕೂರಿಸಿದರು. ಸರಿ, ಆದರೆ ಅದು ಏರುವಾಗಿನ ಕಥೆ. 33 ಎಂಜಿನ್, ಪೂರ್ತಿ ತುಂಬಿದ ಟ್ಯಾಂಕು. ಇಳಿಯುವಾಗ ರಾಕೆಟ್ ಹಗುರ, ಥ್ರಾಟಲ್ ಕಡಿಮೆ, ಉರಿ ನೆಲಕ್ಕೆ ಬಡಿಯುವುದು ಕೆಲವೇ ಸೆಕೆಂಡು. ಅದೇ ಕಂಪನಿಯ ಫಾಲ್ಕನ್ 9 ರಾಕೆಟ್ 2015ರ ಡಿಸೆಂಬರ್‌ನಲ್ಲಿ ಮೊದಲ ಸಲ ಬಂದು ನಿಂತದ್ದು ಕಾಂಕ್ರೀಟ್ ಮೇಲೇ ಅಲ್ವಾ? ನೀರು ಬಿಟ್ಟರೆ ಆವಿಯ ಮೋಡ ಏಳುತ್ತದೆ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಕುರುಡಾಗುತ್ತದೆ. ಜೊತೆಗೆ ಪಂಪು, ಅದಕ್ಕೊಂದು ಜನರೇಟರು, ಅದನ್ನು ನೋಡಿಕೊಳ್ಳಲು ಒಬ್ಬ ಆಳು. ಅಷ್ಟು ದುಡ್ಡೂ ನಮ್ಮ ಹತ್ತಿರ ಇರಲಿಲ್ಲ ಅನ್ನಿ.

ಮೊದಲು ಹಾಕಿದ್ದು ಸಾದಾ ಸಿಮೆಂಟ್ ಕಾಂಕ್ರೀಟ್. ಹಗ್ಗ ಕಟ್ಟಿ ಹಾರಿಸಿದ ಪರೀಕ್ಷೆಯಲ್ಲೇ ಪಟಪಟ ಸಿಡಿಯಿತು. ಅಂಗೈ ಅಗಲದ ಚಕ್ಕೆಯೊಂದು ಹಾರಿ ಕಾಲಿನ ಸ್ಟ್ರಟ್‌ಗೆ ಬಡಿದು, ಪಕ್ಕದ ಸೆನ್ಸರ್ ವೈರನ್ನು ಕತ್ತರಿಸಿತು. ಒಳಗಿನ ತೇವದ ಕೆಲಸ ಅದು. ಆವಿಗೆ ಹೊರಬರಲು ದಾರಿ ಸಿಗದಿದ್ದರೆ ಕಾಂಕ್ರೀಟನ್ನೇ ಒಡೆದುಕೊಂಡು ಬರುತ್ತದೆ. ಜಲ್ಲಿಯಲ್ಲಿ ಕ್ವಾರ್ಟ್ಸ್ ಇದ್ದರಂತೂ ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೂ ಹಿಗ್ಗಿ ಬಿರುಕು ಹೆಚ್ಚಿಸುತ್ತದೆ.

ಆಮೇಲೆ ಉಕ್ಕಿನ ತಟ್ಟೆ. ಪ್ಯಾಡ್‌ಗೆ ಇಟ್ಟಿದ್ದ ದುಡ್ಡಿನಲ್ಲಿ ಅರ್ಧದಷ್ಟು ನುಂಗಿದ್ದು ಇದೇ. ಎರಡು ಮೂರು ಇಳಿತಕ್ಕೆ ನಡುಭಾಗ ಉಬ್ಬಿತು. ಒಂದು ಕಾಲು ಆ ಉಬ್ಬಿನ ಮೇಲೆ ಕೂತು ಜಾರಿತು. ಮೇಲಿನ ಹಗ್ಗ ಹಿಡಿದುಕೊಳ್ಳದಿದ್ದರೆ ಹಾಪರ್ ಅಲ್ಲೇ ಮಗುಚುತ್ತಿತ್ತು. ತಟ್ಟೆ ಗುಜರಿಗೆ ಹೋದಾಗ ಕೊಟ್ಟ ದುಡ್ಡಿನ ಐದನೇ ಒಂದು ಭಾಗವೂ ವಾಪಸ್ ಬರಲಿಲ್ಲ. ಬೆಂಕಿ ತಾಳುವ ಇಟ್ಟಿಗೆ, ಅಂದರೆ ಫೈರ್ ಬ್ರಿಕ್ ಜೋಡಿಸಿಯೂ ನೋಡಿದೆವು. ಬ್ರಿಕ್‌ಗೆ ಏನೂ ಆಗಲಿಲ್ಲ. ಆದರೆ ಸಂದಿನೊಳಗೆ ಉರಿ ನುಗ್ಗಿ ಬ್ರಿಕ್ಕನ್ನೇ ಎಬ್ಬಿಸಿ ಎಸೆಯಿತು.

ಕೊನೆಗೆ ಹಿಡಿದದ್ದು ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟ್. ಕುಲುಮೆಯ ಒಳಗೋಡೆಗೆ ಬಳಸುವ ಮಾಲು, ಹೊಸದೇನಲ್ಲ. ಜಲ್ಲಿಯ ಜಾಗದಲ್ಲಿ ಮೊದಲೇ ಸುಟ್ಟ ಜೇಡಿಮಣ್ಣಿನ ಹರಳು. ಜೊತೆಗೆ ಪಾಲಿಪ್ರೊಪಿಲೀನ್ ಎಳೆ. 160, 170 ಡಿಗ್ರಿ ಹೊತ್ತಿಗೆ ಎಳೆಗಳು ಕರಗಿ ಸಣ್ಣ ಸಣ್ಣ ದಾರಿ ಬಿಡುತ್ತವೆ, ಆವಿ ಅಲ್ಲಿಂದ ಹೋಗುತ್ತದೆ. ಈ ಸಿಮೆಂಟ್ ಸಾದಾ ಸಿಮೆಂಟಿಗಿಂತ ಹಲವು ಪಟ್ಟು ದುಬಾರಿ. ಹಾಗಾಗಿ ನಡುವಿನ ವೃತ್ತಕ್ಕೆ ಮಾತ್ರ ಇದನ್ನು ಹಾಕಿ, ಸುತ್ತ ಸಾದಾ ಕಾಂಕ್ರೀಟ್ ಬಿಟ್ಟೆವು. ವೃತ್ತ ಎಷ್ಟು ದೊಡ್ಡದು ಅನ್ನುವುದು ನಿಮ್ಮ ರಾಕೆಟ್ ಎಷ್ಟು ನೇರ ಇಳಿಯುತ್ತದೆ ಅನ್ನುವುದರ ಮೇಲಿದೆ. ಹೋಂಡಾದ ಪ್ರಯೋಗ ರಾಕೆಟ್ 2025ರ ಜೂನ್‌ನಲ್ಲಿ ಗುರಿಯಿಂದ 37 ಸೆಂಟಿಮೀಟರ್ ದೂರದಲ್ಲಿ ಇಳಿಯಿತು. ನಮ್ಮದು ಗಾಳಿ ಇದ್ದರೆ ಒಂದು ಮೀಟರ್ ಆಚೀಚೆ. ಅದಕ್ಕೆ ತಕ್ಕ ಹಾಗೆ ಜಾಸ್ತಿ ಜಾಗ ಬಿಟ್ಟೆವು.

ಕೆಲಸ ಕೆಡುವುದು ಒಣಗಿಸುವಾಗ. ಒಂದು ದಿನ ತೇವದಲ್ಲಿಟ್ಟು, ಆಮೇಲೆ ಹೀಟರ್ ಹೊದಿಸಿ ಗಂಟೆಗೆ ಹದಿನೈದಿಪ್ಪತ್ತು ಡಿಗ್ರಿಯಂತೆ ಏರಿಸಿದೆವು. ನೂರಹತ್ತರ ಹತ್ತಿರ ತುಂಬಾ ಹೊತ್ತು ನಿಲ್ಲಿಸಿದೆವು. ಅವಸರ ಮಾಡಿದರೆ ಹೀಟರ್ ಕೆಳಗೇ ಸಿಡಿಯುತ್ತದೆ. ಅದೇ ಮಿಶ್ರಣದ ಒಂದು ಗಟ್ಟಿಯನ್ನು ಪಕ್ಕದಲ್ಲಿಟ್ಟು ದಿನಾ ತೂಗುತ್ತಿದ್ದೆ. ತೂಕ ಇಳಿಯುವುದು ನಿಂತ ಮೇಲೂ ನಂಬಲಿಲ್ಲ. ಚಪ್ಪಡಿ ಆರಿದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಸಣ್ಣ ಹನಿ ಕಂಡಿತು, ಮತ್ತೆ ಹೀಟರ್. ಎರಡನೇ ಸಲ ಹಾಳೆ ಒಣಗಿತ್ತು. ಈಗ ಮಳೆ ಬಿದ್ದರೂ ಹಾರಿಸುವ ಮುಂಚೆ ಇದೇ ಪರೀಕ್ಷೆ. ಚಪ್ಪಡಿಗಳ ಸಂದನ್ನು ನೇರ ಬಿಡದೆ ಒಂದರ ಮೇಲೊಂದು ಕೂರುವಂತೆ ಮೆಟ್ಟಿಲಾಗಿ ಮಾಡಿದ್ದೇವೆ. ಮೆಟ್ಟಿಲಿನ ಅಳತೆ, ಮೇಲ್ಪದರಕ್ಕೆ ಬಳಿದ ಲೇಪ, ಇವೆರಡನ್ನು ಮಾತ್ರ ಕೇಳಬೇಡಿ.

ಕ್ಯಾಮೆರಾಕ್ಕೆ ಗುರುತು ಬೇಕಲ್ಲ, ಬಣ್ಣ ಬಳಿದು ನೋಡಿದೆವು. ಒಂದೇ ಇಳಿತಕ್ಕೆ ಸುಟ್ಟುಹೋಯಿತು. ಆಮೇಲೆ ಕಪ್ಪು ಹರಳಿನ ಮಿಶ್ರಣವನ್ನೇ ಪಟ್ಟಿಯಾಗಿ ಎರಕ ಹೊಯ್ದೆವು. ಗುರುತು ಇನ್ನೂ ಹಾಗೇ ಇದೆ. ಸುಮ್ನೆ ಕುತೂಹಲಕ್ಕೆ ಪ್ಯಾಡ್ ಅಂಚಿನಲ್ಲಿ ಮೈಕ್ ಇಟ್ಟು, ಎಂಜಿನ್ ಆಫ್ ಆದದ್ದನ್ನು ಶಬ್ದದಿಂದ ಹಿಡಿಯಬಹುದಾ ಅಂತಲೂ ನೋಡಿದೆ. ಹಿಡಿಯಬಹುದು, ಆದರೆ ಕಾಲಿನ ಸ್ವಿಚ್ ಅದಕ್ಕಿಂತ ಬೇಗ ಹೇಳುತ್ತದೆ.

ಇಳಿದ ಮೇಲಿನ ಹತ್ತು ನಿಮಿಷಕ್ಕೆ ನಾನು ಜಾಸ್ತಿ ಹೆದರುವುದು. 1996ರಲ್ಲಿ ಡಿಸಿ-ಎಕ್ಸ್‌ಎ ಎಂಬ ಅಮೆರಿಕದ ಪ್ರಯೋಗ ರಾಕೆಟ್‌ನ ಒಂದು ಕಾಲು ಬಿಚ್ಚಿಕೊಳ್ಳಲಿಲ್ಲ. ಇಳಿದ ಮೇಲೆ ಮಗುಚಿ ಸುಟ್ಟುಹೋಯಿತು. ಸಮುದ್ರದ ಹಡಗಿನ ಮೇಲೆ ಚೆನ್ನಾಗಿ ನಿಂತಿದ್ದ ಫಾಲ್ಕನ್ ಬೂಸ್ಟರ್‌ಗಳೂ ಅಲೆಗೆ ಉರುಳಿವೆ, 2019ರಲ್ಲಿ ಒಂದು, 2023ರಲ್ಲಿ ಇನ್ನೊಂದು. ನಮಗೆ ಅಲೆಯಿಲ್ಲ, ಆದರೆ ಟ್ಯಾಂಕಿನಲ್ಲಿ ಉಳಿದ ಆಮ್ಲಜನಕ ಇದೆ. ಟ್ಯಾಂಕಿನ ಅನಿಲ ಹೊರಬಿಡುವ ವೆಂಟ್ ವಾಲ್ವ್ ಹಿಮ ಕಟ್ಟಿ ಅಂಟಿಕೊಂಡರೆ ಒತ್ತಡ ಏರುತ್ತಲೇ ಹೋಗುತ್ತದೆ. ಅದಕ್ಕೆ ಎರಡು ವೆಂಟ್. ಎರಡೂ ಕರೆಂಟ್ ಹೋದರೆ ತಾನಾಗಿ ತೆರೆಯುವಂಥವು. ಎಥನಾಲ್ ಉರಿ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಥರ್ಮಲ್ ಕ್ಯಾಮೆರಾ ಕೊಂಡೆವು. ಇಡೀ ಕೆಲಸದಲ್ಲಿ ಸಾರ್ಥಕವಾದ ಖರ್ಚು ಅಂದರೆ ಅದು. ಎರಡು ಬೇರೆ ಬೇರೆ ಒತ್ತಡದ ಸೆನ್ಸರ್ ಸೊನ್ನೆ ತೋರಿಸಿ, ಕ್ಯಾಮೆರಾದಲ್ಲಿ ಬಿಸಿ ಕಾಣದಿದ್ದರೆ ಮಾತ್ರ ಯಾರಾದರೂ ಹತ್ತಿರ ಹೋಗಬಹುದು.

ಪ್ಯಾಡ್‌ಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟಿದ್ದೇವೆ, ಚೆಲ್ಲಿದ ಇಂಧನ ರಾಕೆಟ್ ಕೆಳಗೆ ನಿಲ್ಲಬಾರದು ಅಂತ. ಪ್ಯಾಡ್‌ವರೆಗೆ ಬರುವ ದಾರಿಗೆ ಡಾಂಬರು ಹಾಕಿಸಬೇಡಿ. ದ್ರವ ಆಮ್ಲಜನಕ ನೆನೆದ ಡಾಂಬರಿಗೆ ಬೂಟಿನ ಏಟು ಬಿದ್ದರೂ ಸ್ಫೋಟವಾಗಬಹುದು. ನಮ್ಮ ದಾರಿಗೂ ಡಾಂಬರಿನ ಕೊಟೇಶನ್ ಬಂದಿತ್ತು, ಕಾಂಕ್ರೀಟಿಗಿಂತ ಎಷ್ಟೋ ಅಗ್ಗ. ವಾಪಸ್ ಕಳಿಸಿದೆ.

ಮುಂದಿನದು ಮೀಥೇನ್ ಎಂಜಿನ್, ಥ್ರಸ್ಟ್, ಅಂದರೆ ತಳ್ಳುವ ಬಲ, ಈಗಿನದರ ಮೂರು ಪಟ್ಟು. ಅದಕ್ಕೂ ನೀರು ಬೇಡ ಅಂತ ಈಗಲೇ ಹೇಳುವುದಿಲ್ಲ. ಮೊದಲು ಒಂದು ಚಪ್ಪಡಿ ಎರಕ ಹೊಯ್ದು, ಸ್ಟ್ಯಾಂಡ್ ಮೇಲಿನ ಎಂಜಿನ್ ಕೆಳಗಿಟ್ಟು ಸುಟ್ಟು ನೋಡುತ್ತೇವೆ.