ಗಿರಣಿಯ ಅಮಾವಾಸ್ಯೆ ಮತ್ತು ಬ್ರೌಸರ್‌ನ ಕ್ಯಾಲೆಂಡರ್

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಎಲ್ಲರೂ ಹಂಚಿಕೊಳ್ಳುವ ಕ್ಯಾಲೆಂಡರ್ ಮಾಡಿಕೊಡಲು ಒಪ್ಪಿಕೊಂಡಾಗ ಅದನ್ನು ಹದಿನೈದು ದಿನದ ಕೆಲಸವೆಂದೇ ನಾನು ಲೆಕ್ಕ ಹಾಕಿದ್ದೆ. ಬಾಯ್ಲರ್ ಶುಚಿಗೊಳಿಸುವ ದಿನ, ಲಾರಿಗಳಿಗೆ ಅಕ್ಕಿ ತುಂಬುವ ಸಮಯ, ಹಮಾಲರ ರಜೆ, ಇವೆಲ್ಲ ಗುಮಾಸ್ತರ ಬ್ರೌಸರ್‌ನಲ್ಲೂ ಮಾಲೀಕರ ಐಫೋನಿನಲ್ಲೂ ಒಂದೇ ರೀತಿ ಕಾಣಬೇಕಿತ್ತು. ಫೋನಿಗೆಂದು ಬೇರೆ ಆ್ಯಪ್ ಬರೆಯುವ ಗೋಜು ಬೇಡವೆಂದು, ಐಫೋನಿಗೆ ಮೊದಲೇ ಗೊತ್ತಿರುವ, ಸರ್ವರ್ ಮೂಲಕ ಕ್ಯಾಲೆಂಡರ್ ಹಂಚಿಕೊಳ್ಳುವ ಕ್ಯಾಲ್‌ಡ್ಯಾವ್ ಪದ್ಧತಿಯನ್ನು ಆರಿಸಿಕೊಂಡು ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಆ ಪದ್ಧತಿಯ ರಾಡಿಕೇಲ್ ಎಂಬ ಸರ್ವರ್ ಹಾಕಿದೆ. ಸರ್ವರ್‌ಗೆ ಒಂದು ಮಧ್ಯಾಹ್ನ ಸಾಕಾಯಿತು; ವೆಬ್ ಪುಟ ಮೂರು ತಿಂಗಳು ತೆಗೆದುಕೊಂಡಿತು.

ಮೊದಲ ತಡೆ ಬ್ರೌಸರ್‌ನದೇ. ಕ್ಯಾಲ್‌ಡ್ಯಾವ್ 2007ರಲ್ಲಿ ಆರ್‌ಎಫ್‌ಸಿ 4791 ಎಂಬ ಇಂಟರ್ನೆಟ್ ಮಾನದಂಡವಾಗಿ ಬಂದಾಗ ಅದನ್ನು ಬಳಸುವವು ಬ್ರೌಸರ್ ಅಲ್ಲ, ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ತಂತ್ರಾಂಶಗಳೆಂದೇ ಭಾವಿಸಿದ್ದಂತಿದೆ. ಅದು ಕೇಳುವ ಪ್ರಾಪ್‌ಫೈಂಡ್, ರಿಪೋರ್ಟ್ ಮುಂತಾದ ವಿನಂತಿಗಳನ್ನು ಪುಟದ ವಿಳಾಸಕ್ಕಿಂತ ಬೇರೆ ವಿಳಾಸದ ಸರ್ವರ್‌ಗೆ ಕಳಿಸುವ ಮುನ್ನ ಬ್ರೌಸರ್ ಆಪ್ಷನ್ಸ್ ಎಂಬ ವಿನಂತಿಯಿಂದ ಅನುಮತಿ ಕೇಳುತ್ತದೆ, ಆ ವಿನಂತಿಯೊಡನೆ ಪಾಸ್‌ವರ್ಡ್ ಹೋಗುವುದಿಲ್ಲ. ಪಾಸ್‌ವರ್ಡ್ ಇಲ್ಲವೆಂದು ಸರ್ವರ್ 401 ಎನ್ನುತ್ತದೆ, ಅನುಮತಿ ಸಿಗಲಿಲ್ಲವೆಂದು ಬ್ರೌಸರ್ ಅಲ್ಲಿಗೇ ನಿಲ್ಲುತ್ತದೆ. ಎರಡು ದಿನ ವಿನಂತಿ-ಉತ್ತರಗಳ ತಲೆಸಾಲುಗಳಾದ ಹೆಡರ್‌ಗಳೊಡನೆ ಗುದ್ದಾಡಿದ ಮೇಲೆ, ಸರ್ವರ್‌ನ ಮುಂದೆ ವಿನಂತಿಗಳನ್ನು ಹಂಚುವ ಎನ್‌ಜಿನ್‌ಎಕ್ಸ್ ತಂತ್ರಾಂಶ ಇರಿಸಿ ಪುಟವನ್ನೂ ಕ್ಯಾಲೆಂಡರನ್ನೂ ಒಂದೇ ವಿಳಾಸದಡಿ ತಂದೆ. ಮೊದಲೇ ಹಾಗೆ ಮಾಡಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮರುಕಳಿಸುವ ಕಾರ್ಯಕ್ರಮಗಳಲ್ಲಿ. ಪ್ರತಿ ಮಂಗಳವಾರದ ಬಾಯ್ಲರ್ ಶುಚಿಯು ಕಡತದಲ್ಲಿ ಒಂದೇ ನಿಯಮವಾಗಿರುತ್ತದೆ. ತಿಂಗಳ ಪುಟದಲ್ಲಿ ನಾಲ್ಕೋ ಐದೋ ಮಂಗಳವಾರಗಳನ್ನು ತೋರಿಸಲು ಆ ನಿಯಮವನ್ನು ಬಿಡಿಸಿ ಕೊಡುವಂತೆ ಸರ್ವರ್‌ಗೇ ಹೇಳಬಹುದೆಂದು ತಿಳಿದು ನನಗೆ ಖುಷಿಯಾಗಿತ್ತು. ಆದರೆ ಹಾಗೆ ಬಿಡಿಸಿ ಬಂದ ಪ್ರತಿಗಳಲ್ಲಿ ಮೂಲ ನಿಯಮ ಇರುವುದಿಲ್ಲ. ಗುಮಾಸ್ತರು ಒಂದು ಮಂಗಳವಾರದ ಕೆಲಸವನ್ನು ಬುಧವಾರಕ್ಕೆ ಎಳೆದಾಗ ನನ್ನ ಪುಟ ಆ ಒಂಟಿ ಪ್ರತಿಯನ್ನೇ ಮೂಲ ಕಡತದ ಮೇಲೆ ಬರೆದುಬಿಟ್ಟಿತು. ಮರುದಿನ ಬೆಳಿಗ್ಗೆ ಫೋನ್ ಬಂತು: "ಸರ, ಒಂದು ವಾರದ್ದು ಸರಿಸಿದ್ರ ವರ್ಷದ್ದೆಲ್ಲಾ ಹೋಗ್ಯಾವಲ್ರಿ?"

ಅಂದಿನಿಂದ ತೋರಿಸುವ ದಾರಿಯನ್ನೂ ಬರೆಯುವ ದಾರಿಯನ್ನೂ ಬೇರೆ ಮಾಡಿದೆ. ಬರೆಯುವಾಗ ಮೂಲ ಕಡತವನ್ನು ಮತ್ತೆ ತರಿಸಿಕೊಂಡು, ಅದೇ ಗುರುತಿನ ಎರಡನೆಯ ನಮೂದೊಂದನ್ನು ಸೇರಿಸಿ, ಅದು ಯಾವ ದಿನದ ಬದಲಿ ಎಂಬುದನ್ನು ರಿಕರೆನ್ಸ್-ಐಡಿ ಸಾಲಿನಲ್ಲಿ ಹೇಳಿ, ಕಡತ ಬಂದಾಗ ಇದ್ದ ಇಟ್ಯಾಗ್‌ನೊಡನೆ (ಕಡತ ಬದಲಾದಂತೆ ಬದಲಾಗುವ ಆವೃತ್ತಿಯ ಗುರುತು) ಹಿಂದಕ್ಕೆ ಕಳಿಸುತ್ತೇನೆ. ನಡುವೆ ಮಾಲೀಕರು ಫೋನಿನಿಂದ ಏನಾದರೂ ತಿದ್ದಿದ್ದರೆ ಸರ್ವರ್ 412 ಎಂದು ತಿರಸ್ಕರಿಸುತ್ತದೆ, ಆಗ ಹೊಸ ಪ್ರತಿಯನ್ನು ತರಿಸಿ ಗುಮಾಸ್ತರಿಗೆ ಎರಡನ್ನೂ ತೋರಿಸುತ್ತೇನೆ. ತಾನಾಗಿ ಹೊಂದಿಸುವ ಜಾಣತನಕ್ಕೆ ನಾನು ಕೈ ಹಾಕಲಿಲ್ಲ.

ಮೂರನೆಯ ತೊಡಕನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡಿದವರು ಎಂದೂ ಕಾಣಲಾರರು. ಕಾರ್ಯಕ್ರಮಗಳನ್ನು ಬರೆದಿಡುವ ಐಕ್ಯಾಲೆಂಡರ್ ಕಡತದಲ್ಲಿ ಒಂದು ಸಾಲು 75 ಬೈಟ್ ಮೀರಬಾರದು. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಸ್ವರಚಿಹ್ನೆಗೂ ಬೇರೆ 3 ಬೈಟ್. ಹೀಗಾಗಿ "ಬಾಯ್ಲರ್ ಶುಚಿಗೊಳಿಸುವ ಕೆಲಸ" ಎಂಬಷ್ಟು ಚಿಕ್ಕ ಶೀರ್ಷಿಕೆಯೇ ಮುರಿಯುತ್ತದೆ. ನಾನು ಬೈಟ್ ಎಣಿಸಿ ಕತ್ತರಿಸುತ್ತಿದ್ದೆ, ಕತ್ತರಿ ಅಕ್ಷರದ ನಡುವೆ ಬೀಳುತ್ತಿತ್ತು, ಶೀರ್ಷಿಕೆಯಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಸಂಕೇತದ ಅಂಚು ನೋಡಿಯೇ ಮುರಿಯುವಂತೆ ತಿದ್ದಿದ ಮೇಲೆ ಸರಿಹೋಯಿತು.

ಇಡೀ ದಿನದ ರಜೆಗಳು ಒಂದು ದಿನ ಮುಂಚೆ ಕಾಣುತ್ತಿದ್ದುದಕ್ಕೆ ಕಾರಣ, ನಮ್ಮ ಗಡಿಯಾರ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದು. ಇಲ್ಲಿಯ ಮಧ್ಯರಾತ್ರಿಯನ್ನು ಜಾವಾಸ್ಕ್ರಿಪ್ಟ್ ಯುಟಿಸಿಗೆ ತಿರುಗಿಸಿದರೆ ಹಿಂದಿನ ದಿನದ 18:30 ಆಗುತ್ತದೆ. ದಿನಾಂಕವನ್ನು ಗಂಟೆಯಿಲ್ಲದ ಬರಿಯ ದಿನಾಂಕವಾಗಿಯೇ ಉಳಿಸಿಕೊಂಡೆ.

ಕೊನೆಗೆ ಉಳಿದದ್ದು ಅಮಾವಾಸ್ಯೆ. ಅಂದು ಈ ಗಿರಣಿ ನಿಲ್ಲುತ್ತದೆ, ಯಂತ್ರಗಳಿಗೆ ಪೂಜೆಯಾಗುತ್ತದೆ. ಮರುಕಳಿಕೆಯ ನಿಯಮಗಳಿಗೆ ವಾರ, ತಿಂಗಳು, ವರ್ಷ ಗೊತ್ತು, ತಿಥಿ ಗೊತ್ತಿಲ್ಲ. 2015ರ ಆರ್‌ಎಫ್‌ಸಿ 7529 ಚೀನೀ, ಹೀಬ್ರೂ ಪಂಚಾಂಗಗಳಿಗೆ ಅವಕಾಶ ಕೊಟ್ಟರೂ ನಮ್ಮ ಚಾಂದ್ರಮಾನ ಪಂಚಾಂಗ ಅಲ್ಲಿಲ್ಲ. ಆದ್ದರಿಂದ ಯುಗಾದಿಗೆ ಹೊಸ ಪಂಚಾಂಗ ನೋಡಿ ಗುಮಾಸ್ತರೇ ದಿನಾಂಕಗಳನ್ನು ತುಂಬಲು ಒಂದು ಪುಟ ಮಾಡಿ, ಪ್ರತಿ ಅಮಾವಾಸ್ಯೆಯನ್ನೂ ಬಿಡಿ ಕಾರ್ಯಕ್ರಮವಾಗಿ ಬರೆಸಿದೆ. ಪುಟದಲ್ಲಿ 12 ಖಾನೆಗಳಿದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಎಣಿಸಿ, "ಅಧಿಕ ಮಾಸ ಬಂದ್ರ ಹದಿಮೂರು ಆಗ್ತಾವ್ರಿ ಸರ" ಎಂದರು. ಅಲ್ಲಿಯೇ ಕುಳಿತು ಇನ್ನೊಂದು ಖಾನೆ ಸೇರಿಸಿದೆ.