ಕ್ವಾರ್ಟರ್ಸ್‌ನಲ್ಲಿ ಕಳೆದ ಬಾಲ್ಯವನ್ನ ಬರೆದಿಡೋದು ಹೇಗೆ

ಭದ್ರಾವತಿ ಥರದ ಕಾರ್ಖಾನೆ ಊರಲ್ಲಿ ಬೆಳೆದವ್ರು ಈ ಕೆಲ್ಸ ಮಾಡ್ಲೇಬೇಕು, ಅದೂ ಅಪ್ಪ ಅಮ್ಮ ಕೂತು ಮಾತಾಡೋ ಹಂಗಿರುವಾಗ್ಲೇ. ನಮ್ಮನೇಲಿ ಮಾಡಿದ್ದನ್ನೇ ಹೇಳ್ತೀನಿ.

"ಆಗೆಲ್ಲ ಹೆಂಗಿತ್ತು" ಅಂತ ಮಾತ್ರ ಕೇಳ್ಬೇಡಿ, "ಚೆನ್ನಾಗಿತ್ತು ಬಿಡು" ಅಂದು ಮುಗಿಸ್ಬಿಡ್ತಾರೆ. ಇಸವಿ ಕೇಳಿದ್ರೂ ತಡವರಿಸ್ತಾರೆ. ಶಿಫ್ಟ್ ಹಿಡ್ಕೊಂಡು ಕೇಳಿ. ನಾನು ಅಮ್ಮನ್ನ ಕೇಳಿದ್ದು ಇಷ್ಟೇ, ಅಪ್ಪಂಗೆ ನೈಟ್ ಶಿಫ್ಟ್ ಇದ್ದಾಗ ನಾವು ಹಗಲು ಎಲ್ಲಿರ್ತಿದ್ವಿ ಅಂತ. ಶುರುವಾದ ಮಾತು ಒಂದು ಗಂಟೆ ನಿಲ್ಲಲಿಲ್ಲ. ಅಪ್ಪ ಮಲಗಿದ್ರೆ ಮನೇಲಿ ಪಾತ್ರೆ ಸದ್ದಾಗೋ ಹಂಗಿಲ್ಲ, ಪಕ್ಕದ್ಮನೆ ತಮಿಳು ಅಕ್ಕ ನಮ್ಮನ್ನ ಅವ್ರ ಹಿತ್ತಲಿಗೆ ಕರ್ಕೊಂಡು ಹೋಗಿ ಅಲ್ಲೇ ಊಟ ಹಾಕೋರು, ಅವ್ರ ಯಜಮಾನ್ರಿಗೆ ನೈಟ್ ಬಂದ ವಾರ ಅವ್ರ ಮಕ್ಳು ನಮ್ಮ ಜಗಲೀಲಿ. ಇದ್ಯಾವ್ದೂ ಅಪ್ಪಂಗೆ ಗೊತ್ತೇ ಇಲ್ಲ, ನಿದ್ದೇಲಿದ್ರಲ್ಲ! ಅದಕ್ಕೇ ಅಮ್ಮಂದಿರನ್ನ ಮೊದ್ಲು ಕೇಳಿ.

ಆಮೇಲೆ ಒಂದು ದೊಡ್ಡ ಹಾಳೇಲಿ ಬೀದಿ ಬರೀರಿ. ಮನೆ ಸಾಲು, ನಲ್ಲಿ, ಸೊಸೈಟಿ, ಸೈಕಲ್ ಶಾಪ್. ಗೆರೆ ತಪ್ಪಾಗಿ ಎಳೆದ್ರೆ ಒಳ್ಳೇದೇ, ತಿದ್ದೋಕೆ ಅಂತ ಎಲ್ರೂ ಬಗ್ತಾರೆ, ಬಗ್ಗಿದಾಗ ಮಾತು ಬರುತ್ತೆ. ನಮ್ಮಣ್ಣ ಹಂಗೇ ಬಗ್ಗಿ ಒಂದು ಖಾಲಿ ಜಾಗ ತೋರ್ಸಿ "ಇಲ್ಲೇ ಅಲ್ವೇನೋ ಅಯಸ್ಕಾಂತ ಎಳೀತಿದ್ದಿದ್ದು" ಅಂದ. ಕೆಟ್ಟ ಸ್ಪೀಕರ್‌ನ ದುಂಡು ಅಯಸ್ಕಾಂತಕ್ಕೆ ದಾರ ಕಟ್ಟಿ ಮಣ್ಣಲ್ಲಿ ಎಳೆಯೋದು, ಹತ್ತು ಹೆಜ್ಜೆ ಹೋಗೋಷ್ಟ್ರಲ್ಲಿ ಕರೀ ಕಬ್ಬಿಣದ ಪುಡಿ ಮುಳ್ಳುಹಂದಿ ಥರ ನಿಂತ್ಕೊಳ್ತಿತ್ತು, ಅದನ್ನ ಬೆಂಕಿಪೊಟ್ಣಕ್ಕೆ ತುಂಬಿ ಯಾರದ್ದು ಜಾಸ್ತಿ ಅಂತ ಜಗಳ. ಇಂಥದ್ದು ಸಿಕ್ಕಿದ್ರೆ ತಕ್ಷಣ ಬರ್ಕೊಳ್ಳಿ, ನಾಳೆಗೆ ಅಂದ್ರೆ ಅರ್ಧ ಹೋಗಿರುತ್ತೆ.

ಇಸವಿ ಬೇಕಂದ್ರೆ ಟ್ರಂಕ್ ತೆಗೀರಿ. ಹಳೇ ಕಾಗದದ ಮೇಲಿರೋ ಕಾರ್ಖಾನೆ ಹೆಸ್ರೇ ಕಾಲ ಹೇಳುತ್ತೆ. 1918ರಲ್ಲಿ ಸ್ಥಾಪನೆ ಆಗಿ 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರುವಾದ ಭದ್ರಾವತಿಯ ಮೈಸೂರು ಐರನ್ ವರ್ಕ್ಸ್ 1962ರಲ್ಲಿ ಮೈಸೂರು ಐರನ್ ಅಂಡ್ ಸ್ಟೀಲ್ ಲಿಮಿಟೆಡ್ ಆಯ್ತು, 70ರ ದಶಕದಲ್ಲಿ ವಿಶ್ವೇಶ್ವರಯ್ಯನವ್ರ ಹೆಸ್ರು ಬಂತು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪ್ನಿ ಸೈಲ್ ಜೊತೆ ಸೇರ್ತು. ತಾತ ಇದ್ದಿಲಿನ ಕುಲುಮೆ ಕಾಲದವ್ರಾ, ಕರೆಂಟ್ ಫರ್ನೇಸ್ ಬಂದ್ಮೇಲೆ ಸೇರಿದ್ರಾ ಅಂತಾನೂ ಕೇಳಿ. ಕಾರ್ಖಾನೆಗೆ ಬರ್ತಿದ್ದ ಕೆಮ್ಮಣ್ಣುಗುಂಡಿ ಅದಿರಿನ ವಿಷ್ಯ ಎತ್ತಿದ್ರಂತೂ ಹಳಬ್ರು ಬಿಡೋದೇ ಇಲ್ಲ.

ರೆಕಾರ್ಡ್ ಮಾಡೋಕೆ ಮೊಬೈಲೇ ಸಾಕು, ಆದ್ರೆ ಮುಖದ ಮುಂದೆ ಹಿಡೀಬೇಡಿ, ಬಿಗಿಯಾಗ್ಬಿಡ್ತಾರೆ. ಅಮ್ಮ ಸೊಪ್ಪು ಬಿಡಿಸೋವಾಗ ಪಕ್ಕದಲ್ಲಿ ಇಟ್ಬಿಡಿ. ರೆಕಾರ್ಡ್ ಆಗ್ತಿದೆ ಅಂತ ಮೊದ್ಲೇ ಹೇಳಿ, ಸಾಲ ಜಗಳದ ವಿಷ್ಯ ಬಂದ್ರೆ ಹೊರಗೆ ಹಾಕೋ ಮುಂಚೆ ಅವ್ರನ್ನೇ ಕೇಳಿ. ಬರೆಯೋವಾಗ ಮಾತು ತಿದ್ದಬೇಡಿ. ಅಮ್ಮ "ಸೈರನ್ ಆಯ್ತು, ಅನ್ನಕ್ಕಿಡ್ಬೇಕು" ಅಂತಿದ್ರು, ಗಂಟೆ ಹೆಸ್ರು ಎತ್ತಿದ್ದೇ ಇಲ್ಲ. ಅದನ್ನ ಹಂಗೇ ಬರೀರಿ.